ಹೈಬ್ರಿಡ್ ಶ್ರೀಗಂಧ ಎಂಬುದುಂಟೇ?

ಪ್ರಶ್ನೆ: ಕೆಂಗೇರಿಯ ಆಚೆ ನಮ್ಮದೊಂದು ಎಕರೆ ಜಮೀನಿದೆ. ನರ್ಸರಿಯೊಂದರಲ್ಲಿ ‘ಹೈಬ್ರಿಡ್ ಶ್ರೀಗಂಧ’ ಎಂದು ಹೇಳಿ ಸಸಿಗೆ ಮಾಮೂಲಿಗಿಂತ ಮೂರು ಪಟ್ಟು ಬೆಲೆ ಕೇಳುತ್ತಿದ್ದಾರೆ. ಎಂಟೇ ವರ್ಷಕ್ಕೆ ಎಣ್ಣೆ ತುಂಬಿಕೊಳ್ಳುತ್ತದಂತೆ. ನಮ್ಮ ಒಣಕಾಡಿನ ಮರಗಳಲ್ಲಿ ಅಡ್ಡತಳಿ ಆಗುವುದುಂಟೇ? ಆದರೆ ಎಣ್ಣೆ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾವಿನ್ನೂ ಮುಂಗಡ ಕೊಟ್ಟಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ.

ಅಡ್ಡತಳಿ ಹುಟ್ಟಬೇಕಾದರೆ ಎರಡು ಬೇರೆ ಪ್ರಭೇದಗಳೋ, ಆರಿಸಿದ ಎರಡು ತಳಿಗಳೋ ಕೂಡಬೇಕು. ಕರ್ನಾಟಕದ ಕಾಡುಗಳಲ್ಲಿರುವುದು ಶ್ರೀಗಂಧದ ಒಂದೇ ಪ್ರಭೇದ, ಸಾಂಟಾಲಮ್ ಆಲ್ಬಮ್. ಆದ್ದರಿಂದ ಬನ್ನೇರುಘಟ್ಟದ ಕುರುಚಲಿನಲ್ಲಿ ಅದಕ್ಕೆ ಕೂಡಲು ಬೇರೆ ಪ್ರಭೇದದ ಜೋಡಿಯೇ ಇಲ್ಲ. ಅದರ ಸಣ್ಣ ಹೂವಿಗೆ ಜೇನು, ನೊಣಗಳು ಬರುತ್ತವೆ, ಕಪ್ಪು ಹಣ್ಣನ್ನು ಕೋಗಿಲೆ, ಪಿಕಳಾರಗಳು ತಿಂದು ಬೀಜವನ್ನು ಬೇಲಿ ಬೇಲಿಗೂ ಹಾಕುತ್ತವೆ. ತಾಯಿಮರ ಗೊತ್ತಿದ್ದರೂ ತಂದೆಮರ ಯಾವುದೆಂದು ಹೇಳಲಾಗದ ಇಂಥ ಬೀಜದ ಸಸಿಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ ನಿಜ, ಆದರೆ ಅಷ್ಟಕ್ಕೇ ಅದು ಹೈಬ್ರಿಡ್ ಆಗದು.

ಶ್ರೀಗಂಧದ ಎರಡು ಪ್ರಭೇದಗಳು ಸೇರಿದ ಕಡೆ ನಿಜವಾದ ಅಡ್ಡತಳಿ ಉಂಟು. ಫಿಜಿ ದ್ವೀಪಗಳಿಗೆ ನಮ್ಮ ಶ್ರೀಗಂಧವನ್ನು ಒಯ್ದು ನೆಟ್ಟ ಮೇಲೆ ಅದು ಅಲ್ಲಿನ ಸಾಂಟಾಲಮ್ ಯಾಸಿಯೊಂದಿಗೆ ತಾನಾಗಿ ಕೂಡಿ, ಬೇಗ ಬೆಳೆಯುವ ಮಿಶ್ರ ಸಂತತಿಯನ್ನು ಕೊಟ್ಟಿದೆ. ಬೆಳೆಗಾರರಿಗೆ ಅದು ಒಳ್ಳೆಯದೇ; ಯಾಸಿಯ ಅಸಲು ತಳಿ ಉಳಿಯುವುದೇ ಎಂಬ ಚಿಂತೆ ಸಸ್ಯವಿಜ್ಞಾನಿಗಳದು.

ಇನ್ನು ಎಣ್ಣೆಯ ವಿಷಯ. ಶ್ರೀಗಂಧದ ಎಲೆಯನ್ನು ಕಿವುಚಿ ಮೂಸಿದರೆ ಬರುವುದು ಹಸಿ ಸೊಪ್ಪಿನ ವಾಸನೆಯಷ್ಟೆ, ಕಾಂಡದ ಹೊರಗಿನ ಬಿಳಿ ಮರಕ್ಕೂ ಪರಿಮಳವಿಲ್ಲ. ಪರಿಮಳವಿರುವುದು ಕಾಂಡದ ನಡುವಿನ ಗಟ್ಟಿ ಮರ, ಅಂದರೆ ಚೇಗು ಮತ್ತು ಬೇರಿನಲ್ಲಿ. ಫಾರ್ನೆಸೈಲ್ ಡೈಫಾಸ್ಫೇಟ್ ಎಂಬ ಮೂಲವಸ್ತುವನ್ನು ಒಂದು ಕಿಣ್ವ ಸಾಂಟಲೀನ್‌ಗಳಾಗಿ ಮಡಿಸುತ್ತದೆ, ಇನ್ನೊಂದು ಕಿಣ್ವ ಅವಕ್ಕೆ ಆಮ್ಲಜನಕವನ್ನು ಸೇರಿಸಿ ಪರಿಮಳ ಕೊಡುವ ಸಾಂಟಲಾಲ್‌ಗಳನ್ನಾಗಿಸುತ್ತದೆ. ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಸಾಂಟಲಾಲ್ ಶೇ 41ರಿಂದ 55, ಬೀಟಾ ಸಾಂಟಲಾಲ್ ಶೇ 16ರಿಂದ 24 ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಚೇಗು ಕಟ್ಟುವ ಕಾಲ ಮರದ ಗುಣ, ಮಣ್ಣು, ನೀರು, ಪಕ್ಕದ ಗಿಡ ಎಲ್ಲಕ್ಕೂ ಅಂಟಿಕೊಂಡಿದೆ. ನೀರು ಗೊಬ್ಬರ ಸುರಿದು ಕಾಂಡವನ್ನು ದಪ್ಪ ಮಾಡಬಹುದು, ಒಳಗೆ ಚೇಗು ಅದೇ ವೇಗದಲ್ಲಿ ಕಟ್ಟುತ್ತದೆಂಬ ಖಾತರಿಯಿಲ್ಲ. ಎಂಟು ವರ್ಷದ ಭರವಸೆಯನ್ನು ನಾನಂತೂ ನಂಬುವುದಿಲ್ಲ.

ಒಣಕಾಡಿನ ಬೇರೆ ಮರಗಳಲ್ಲಿ ಸಂಕರ ಇಲ್ಲವೆಂದಲ್ಲ. ಮೊಸಳೆ ಬೆನ್ನಿನಂಥ ತೊಗಟೆಯ ಮತ್ತಿಯೂ, ಸಂಗಮ, ಮುತ್ತತ್ತಿಗಳ ಕಾವೇರಿ ದಡದಲ್ಲಿ ಸಾಲುಗಟ್ಟಿ ನಿಂತ, ನುಣುಪು ತೊಗಟೆಯ ಹೊಳೆಮತ್ತಿಯೂ ಒಂದೇ ಕುಲದವು. ಎರಡರ ಸೊಪ್ಪನ್ನೂ ತಸರ್ ರೇಷ್ಮೆಹುಳು ತಿನ್ನುವುದರಿಂದ, ಇವೆರಡನ್ನು ಕೂಡಿಸಿ ಅಡ್ಡತಳಿ ಪಡೆಯುವ ಕೆಲಸ ನಡೆದಿದೆ. ಹೊಳೆಮತ್ತಿಯ ತೊಗಟೆಯಲ್ಲಿ ಆರ್ಜುನೋಲಿಕ್ ಆಮ್ಲವೆಂಬ ರಾಸಾಯನಿಕವೂ ಒಗರು ಕೊಡುವ ಟ್ಯಾನಿನ್‌ಗಳೂ ಇವೆ. ಅಡ್ಡತಳಿಯಲ್ಲಿ ಅವು ತಾಯಿತಂದೆಯರ ನಡುವಿನ ಪ್ರಮಾಣದಲ್ಲೇ ಇರಬೇಕೆಂಬ ನಿಯಮವಿಲ್ಲ, ಆದ್ದರಿಂದ ಮರಮರವನ್ನೂ ಅಳೆದೇ ನೋಡಬೇಕಾಗುತ್ತದೆ.

ಆ ನರ್ಸರಿಯವರನ್ನು ತಾಯಿಮರ ಯಾವುದು, ತಂದೆಮರ ಯಾವುದು ಎಂದು ಕೇಳಿ. ಉತ್ತರ ಬಾರದಿದ್ದರೆ ಮಾಮೂಲಿ ಬೆಲೆಯ ಸಸಿಯನ್ನೇ ಕೊಳ್ಳಿ. ಹೆಚ್ಚಿನ ತಾಂತ್ರಿಕ ಸಲಹೆಗೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು. ಶ್ರೀಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿಯೇ ಬದುಕುವಂಥದ್ದು. ಆದ್ದರಿಂದ ನೆಡುವಾಗ ಪ್ರತಿ ಸಸಿಯ ಬುಡದಲ್ಲಿ ನಾಲ್ಕು ತೊಗರಿ ಕಾಳು ಊರುವುದನ್ನು ಮರೆಯಬೇಡಿ.