ಬಾಡಿಗೆ ಹೋಯ್ಸ್ಟಿನ ಜೊತೆ ಬಂದ ಹಳೆಯ ಟೆಸ್ಟ್ ಸರ್ಟಿಫಿಕೇಟ್ ಸಾಕೇ?

ಸಾಲದು. ಉಪ್ಪಳದ ನಿಮ್ಮ ಸೈಟಿಗೆ ಬಾಡಿಗೆ ಹೋಯ್ಸ್ಟ್ (ಸಾಮಾನು ಮೇಲೆತ್ತುವ ಯಂತ್ರ) ಬಂದಿದೆ, ಮಾಲೀಕರು ಹಿಂದಿನ ಸೈಟಿನ ಸರ್ಟಿಫಿಕೇಟಿನ ಝೆರಾಕ್ಸ್ ಕೊಟ್ಟಿದ್ದಾರೆ ಎಂದಿದ್ದೀರಿ. ಆ ಕಾಗದ ಹೇಳುವುದು ಅಲ್ಲಿ ನಿಲ್ಲಿಸಿದ್ದ ಹೋಯ್ಸ್ಟಿನ ವಿಷಯ. ಬಿಚ್ಚಿ, ಲಾರಿಯಲ್ಲಿ ತಂದು, ಬೇರೆ ನೆಲದ ಮೇಲೆ ಬೋಲ್ಟ್ ಬಿಗಿದ ಮೇಲೆ ಮತ್ತೆ ಪರೀಕ್ಷೆ ಆಗಲೇಬೇಕು. ಕಾಸರಗೋಡು ಕಡೆಯ ಸೈಟುಗಳಲ್ಲಿ ಸೇಫ್ಟಿ ನೋಡಿಕೊಳ್ಳುವ ನಾನು ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಕೆಳಗೆ 1998ರಲ್ಲಿ ಬಂದ ನಿಯಮಗಳ ಪ್ರಕಾರ, ಭಾರ ಎತ್ತುವ ಯಂತ್ರವನ್ನು ಸೈಟಿನಲ್ಲಿ ನಿಲ್ಲಿಸಿದ ಮೇಲೆ ಮತ್ತು ದೊಡ್ಡ ರಿಪೇರಿ ಆದ ಮೇಲೆ ಸಕ್ಷಮ ವ್ಯಕ್ತಿಯೇ, ಅಂದರೆ ಇಂಥ ಪರೀಕ್ಷೆ ಮಾಡುವ ಅರ್ಹತೆ ಇರುವವರೇ, ಬಂದು ಪರೀಕ್ಷಿಸಬೇಕು. ಆಮೇಲೆ ಐದು ವರ್ಷಕ್ಕೊಮ್ಮೆ ಭಾರ ಹೇರಿ ನೋಡುವ ಲೋಡ್ ಟೆಸ್ಟ್, 12 ತಿಂಗಳಿಗೊಮ್ಮೆ ಪೂರ್ಣ ತಪಾಸಣೆ. ನಿಮ್ಮಂಥ ಸಣ್ಣ ಯಂತ್ರಕ್ಕೆ ಟೆಸ್ಟ್ ಲೋಡ್ ಸುರಕ್ಷಿತ ಭಾರಕ್ಕಿಂತ 25% ಹೆಚ್ಚು. 500 ಕಿಲೋದ್ದಾದರೆ 625 ಕಿಲೋ. ಈಗ ಆ ಕಾಯ್ದೆಯ ಬದಲಿಗೆ 2020ರ ಸುರಕ್ಷತಾ ಸಂಹಿತೆ 2025ರ ನವೆಂಬರಿನಿಂದ ಜಾರಿಯಲ್ಲಿದೆ. ಅದನ್ನು ನೆಪ ಮಾಡಿ ಯಾವ ತಪಾಸಣೆಯನ್ನೂ ಮುಂದೂಡಬೇಡಿ.

ನನ್ನ ನಿಜವಾದ ಕಾಳಜಿ ಭಾರ ಎಳೆಯುವ ಉಕ್ಕಿನ ರೋಪಿನದ್ದು. ಮೂರು ತಿಂಗಳಿಗೊಮ್ಮೆ ನೋಡಬೇಕು, ಒಂದೇ ಒಂದು ಎಳೆ ತುಂಡಾಗಿದ್ದರೂ ಅಲ್ಲಿಂದ ತಿಂಗಳಿಗೊಮ್ಮೆ. ರೋಪಿನ ದಪ್ಪದ ಎಂಟು ಪಟ್ಟು ಉದ್ದದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಎಳೆ ಕಡಿದಿದ್ದರೆ ರೋಪ್ ಕಿತ್ತು ಹಾಕಬೇಕು. 10 ಮಿಲಿಮೀಟರಿನ, 6×19 ರೋಪಿನಲ್ಲಿ (ಆರು ಹುರಿ, ಒಂದೊಂದರಲ್ಲಿ 19 ಎಳೆ) 114 ಎಳೆ ಇರುತ್ತವೆ; 80 ಮಿಲಿಮೀಟರ್ ಒಳಗೆ 12 ಕಡಿದದ್ದು ಕಂಡರೆ ಆ ರೋಪಿನ ಕೆಲಸ ಮುಗಿಯಿತು. ನಮ್ಮದು ಕಡಲ ಬದಿ ಮಾರಾಯ್ರೆ, ಉಪ್ಪುಗಾಳಿಯ ಮೇಲೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಬೇರೆ. ಹೊರಗೆ ಗ್ರೀಸ್ ಹೊಳೆಯುತ್ತಿದ್ದರೂ ಒಳಗಿನ ಎಳೆ ತುಕ್ಕು ಹಿಡಿದಿರಬಹುದು. ಬರೇ ಕಣ್ಣಲ್ಲಿ ನೋಡಿ ಸಹಿ ಹಾಕಬೇಡಿ. ಕರೆಂಟ್ ತೆಗೆಸಿ, ಗ್ರೀಸ್ ಒರೆಸಿ, ಡ್ರಮ್ಮಿನ ಹತ್ತಿರ ಮತ್ತು ಪುಲ್ಲಿ ಮೇಲೆ ಓಡುವ ಭಾಗವನ್ನು ನಿಧಾನಕ್ಕೆ ನೋಡಿ.

ಈ ತಪಾಸಣೆಗಳನ್ನು ಬರೆದಿಡುವ ರಿಜಿಸ್ಟರ್ ಸೈಟಿನಲ್ಲೇ ಇರಬೇಕು, ಕಂಟ್ರಾಕ್ಟರರ ಮನೆಯಲ್ಲಲ್ಲ. ಸರ್ಟಿಫಿಕೇಟುಗಳನ್ನು ಅದಕ್ಕೇ ಲಗತ್ತಿಸಿ, ಕೊನೆಯ ನಮೂದಿನಿಂದ ಐದು ವರ್ಷ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಎಲ್ಲ ದಿನದ ಸಹಿ ಹಾಕುವ ಅಭ್ಯಾಸ ನನಗೆ ಸಿಟ್ಟು ತರಿಸುತ್ತದೆ. ನೋಡಿದ ದಿನವೇ ಬರೆಯಿರಿ. ಎಷ್ಟು ಎಳೆ ಕಡಿದಿತ್ತು, ಎಲ್ಲಿ ಎಂದು ಬರೆಯಿರಿ. 'ಸರಿ ಇದೆ' ಎಂಬ ಎರಡು ಪದದಿಂದ ಮುಂದಿನ ಬಾರಿ ನೋಡುವವನಿಗೆ ಏನೂ ತಿಳಿಯುವುದಿಲ್ಲ.

ಸಾಮಾನಿನ ಹೋಯ್ಸ್ಟಿನಲ್ಲಿ ಒಬ್ಬನನ್ನೂ ಹತ್ತಿಸಬೇಡಿ. ಹತ್ತಬಾರದು ಎಂಬ ಬೋರ್ಡನ್ನು ಹಿಂದಿ, ಬಂಗಾಳಿಯಲ್ಲೂ ಬರೆಸಿ, ಅಲ್ಲಿ ಕೆಲಸ ಮಾಡುವ ಹುಡುಗರು ಓದುವುದು ಅದನ್ನೇ.

ಕಟ್ಟಡ ಮುಗಿದ ಮೇಲೆ ಹಾಕುವ ಲಿಫ್ಟ್ ಬೇರೆಯೇ ದಾರಿ: 2013ರ ಕೇರಳ ಲಿಫ್ಟ್ ಕಾಯ್ದೆ, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟೊರೇಟಿನ ಲೈಸನ್ಸ್.

ಲೇಬರ್ ಆಫೀಸಿಗೆ ಕನ್ನಡದಲ್ಲಿ ಬರೆಯಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ ಬರೆಯಿರಿ. ನಮ್ಮ ಕಡೆಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ರಿಜಿಸ್ಟರಿನ ಜೊತೆಗೇ ಇಡಿ.