ಬಾತು ಬೇಟೆಗೆ ಕರೆದಿದ್ದಾರೆ, ಹೋಗಲಾ ಅಂತ ಕೇಳಿದವರಿಗೆ

ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಕೇಳುವುದಕ್ಕೆ ಯಾರೂ ಇರಲಿಲ್ಲ ಅಷ್ಟೇ.

ನೀವು ಬರೆದದ್ದು ಇಷ್ಟು. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಅಮೆರಿಕದ ಮಿನೆಸೋಟಾ ರಾಜ್ಯದ ಫರ್ಗಸ್ ಫಾಲ್ಸ್‌ಗೆ ಬಂದು ಎರಡು ತಿಂಗಳಾಯಿತು. ಒಂದು ಶನಿವಾರ ನಸುಕಿನಲ್ಲಿ ಗುಂಡಿನ ಸದ್ದು ಕೇಳಿ ದಡಕ್ಕನೆ ಎದ್ದು ಕೂತಿರಿ. ಸೋಮವಾರ ಆಫೀಸಿನಲ್ಲಿ ನೋಡಿದರೆ ಎಲ್ಲರ ಬಾಯಲ್ಲೂ ಬಾತಿನ ಮಾತು. ಈಗ ಪಕ್ಕದ ಮೇಜಿನವರು "ಮುಂದಿನ ಶನಿವಾರ ನೀನೂ ಬಾ" ಅಂದಿದ್ದಾರೆ. ಹೋಗಬಹುದಾ, ಬಂದೂಕು ಹಿಡಿಯಲೇಬೇಕಾ, ಒಲ್ಲೆ ಅಂದರೆ ತಪ್ಪು ತಿಳಿಯುತ್ತಾರಾ ಅಂತ ನಿಮ್ಮ ಚಿಂತೆ.

ಹೋಗಿ. ಬಂದೂಕು ಮಾತ್ರ ಮುಟ್ಟಬೇಡಿ.

ಬಂದೂಕಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ನಿಜ. ಆದರೆ ನಿಮ್ಮ ಹತ್ತಿರ ಈಗ ಅದಿಲ್ಲ. "ಒಂದ್ ನಿಮಿಷ ಹಿಡ್ಕೋ, ಫೋಟೋ ತೆಗೀತೀನಿ" ಅಂತ ಅವರು ಪ್ರೀತಿಯಿಂದಲೇ ಹೇಳುತ್ತಾರೆ. ನಗುತ್ತಾ ಬೇಡ ಅನ್ನಿ. ಗ್ರೀನ್ ಕಾರ್ಡ್ ಬಂದ ಮೇಲೆ ಬೇಕಾದರೆ ನೋಡಿಕೊಳ್ಳಬಹುದು. ಸುಮ್ನೆ ಜೊತೆಗೆ ಕೂತು ನೋಡುವುದಕ್ಕೆ ಲೈಸೆನ್ಸ್ ಬೇಕಿಲ್ಲ. ಅವರೂ ನೀವು ಹೊಡೆಯಲಿ ಅಂತ ಕರೆದಿಲ್ಲ. ನೋಡಲಿ ಅಂತ ಕರೆದಿದ್ದಾರೆ.

ಏನು ನೋಡುವುದು ಅಂದರೆ, ನೀವು ಬಂದಿಳಿದಿರುವ ಜಾಗ ಅಂಥದ್ದು. ನಿಮ್ಮ ಊರಿರುವ ಆಟರ್ ಟೇಲ್ ಕೌಂಟಿ, ಅಂದರೆ ಜಿಲ್ಲೆಯೊಂದರಲ್ಲೇ 1,048 ಕೆರೆಗಳಿವೆ. ಹಿಮಯುಗದ ಹಿಮನದಿ ಹಿಂದೆ ಸರಿದಾಗ ನೆಲದ ತುಂಬ ಗುಂಡಿಗಳನ್ನು ಬಿಟ್ಟುಹೋಯಿತು. ಇಲ್ಲಿಂದ ಉತ್ತರ, ದಕ್ಷಿಣ ಡಕೋಟಾ ರಾಜ್ಯಗಳನ್ನು ದಾಟಿ ಕೆನಡಾದ ಆಲ್ಬರ್ಟಾದವರೆಗೆ ಅದೇ ಹೊಂಡಗಳ ಬಯಲು. ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧಕ್ಕೂ ಹೆಚ್ಚು ಹುಟ್ಟುವುದು ಈ ಬಯಲಿನಲ್ಲಿ. ಇಲ್ಲಿನವರು ಇದನ್ನು ಬಾತಿನ ಕಾರ್ಖಾನೆ ಅನ್ನುತ್ತಾರೆ. ಅಕ್ಟೋಬರ್ ಕೊನೆಗೆ ಉತ್ತರದ ಗಾಳಿ ಎದ್ದು ಸಣ್ಣ ಹೊಂಡಗಳು ಹೆಪ್ಪುಗಟ್ಟಲು ಶುರುವಾದರೆ, ಅಷ್ಟೂ ಹಕ್ಕಿ ಒಂದೇ ಸಲ ಗಂಟುಮೂಟೆ ಕಟ್ಟುತ್ತವೆ. ನಿಮ್ಮ ಆಫೀಸಿನವರು ಕಿಟಕಿಯಾಚೆ ನೋಡುತ್ತಾ ಗಾಳಿ ಯಾವ ಕಡೆಯಿಂದ ಅಂತ ಕೇಳುವುದು ಅದಕ್ಕೇ.

ನನ್ನ ಮೊದಲ ಬೆಳಗಿನ ಕಥೆ ಹೇಳಿಬಿಡುತ್ತೇನೆ, ನೀವು ಅದೇ ತಪ್ಪು ಮಾಡುವುದು ಬೇಡ. ನಾಲ್ಕು ಗಂಟೆಗೆ ಪಕ್ಕದ ಮನೆಯ ಅಜ್ಜ ಬಂದು ಕರೆದುಕೊಂಡು ಹೋದರು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಗುಂಡು ಹಾರಿಸಲು ಬಿಡುತ್ತಾರೆ. ಅಷ್ಟರೊಳಗೆ ಪ್ಲಾಸ್ಟಿಕ್ ಬಾತುಗಳನ್ನು ನೀರಿನಲ್ಲಿ ಬಿಟ್ಟು, ಜೊಂಡಿನ ಮರೆಯಲ್ಲಿ ಕೂತಿರಬೇಕು. ಈ ತೇಲುವ ಗೊಂಬೆಗಳಿಗೆ ಡಿಕಾಯ್ ಅಂತ ಹೆಸರು. ಅಜ್ಜನಿಗೆ ಸಹಾಯ ಮಾಡೋಣ ಅಂತ ನಾನೂ ಇಳಿದೆ. ಸೊಂಟದವರೆಗಿನ ರಬ್ಬರ್ ಪ್ಯಾಂಟಿನೊಳಗೆ ಐಸಿನಂಥ ನೀರು ನುಗ್ಗಿತು. ನಡುಗುತ್ತಾ ಬಂದು ಕೂತೆ. ಬೆಳಕು ಹರಿಯಿತು. ಕಪ್ಪು ಹಕ್ಕಿಗಳ ದೊಡ್ಡ ಹಿಂಡೊಂದು ಕಂಡಿತು. ನಾನು ಎದ್ದು ನಿಂತು ಕೈ ತೋರಿಸಿ "ಅಗೋ ಬಾತು!" ಅಂತ ಕೂಗಿದೆ. ಅವು ನಾಮದ ಕೋಳಿಗಳು. ಇಲ್ಲಿನವರಿಗೆ ಅದು ಕೆಸರುಕೋಳಿ, ಲೆಕ್ಕಕ್ಕೇ ಇಲ್ಲ. ಅದೇ ಹೊತ್ತಿಗೆ ತಲೆಯ ಮೇಲೆ ಇಳಿಯುತ್ತಿದ್ದ ಆರು ನಿಜವಾದ ಬಾತುಗಳು, ಮ್ಯಾಲರ್ಡ್‌ಗಳು ನನ್ನನ್ನು ನೋಡಿ ರೆಕ್ಕೆ ತಿರುಗಿಸಿಕೊಂಡು ಹೋದವು. ಅಜ್ಜ ಏನೂ ಅನ್ನಲಿಲ್ಲ. ಕಾಫಿ ಬಗ್ಗಿಸಿ ಕೊಟ್ಟರು. ಆ ಮೌನಕ್ಕಿಂತ ಎರಡು ಮಾತು ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಅಲ್ಲಾಡದೆ ಕೂತಿರಿ, ಮುಖ ಮೇಲೆತ್ತಬೇಡಿ. ಬಿಳುಚಿದ ಮುಖ ಮೇಲಿನಿಂದ ಹೊಳೆಯುತ್ತದಂತೆ. ನಮ್ಮದು ಅಷ್ಟು ಹೊಳೆಯಲಿಕ್ಕಿಲ್ಲ, ಆದರೂ ಟೋಪಿ ಕೆಳಗೆಳೆದುಕೊಳ್ಳಿ.

ಇನ್ನು ಬಾತುಗಳು. ನಾಲ್ಕು ಹೆಸರು ಕಲಿತು ಹೋದರೆ ಇವರು ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಹವಾಮಾನ, ಫುಟ್‌ಬಾಲ್ ಮಾತಾಡಿ ನಾನು ಎರಡು ವರ್ಷದಲ್ಲಿ ಗಳಿಸದ ಸ್ನೇಹವನ್ನು ಟೀಲ್ ಎಂಬ ಪುಟ್ಟ ಬಾತಿನ ಒಂದು ಹೆಣ್ಣನ್ನು ಗುರುತಿಸಿ ಗಳಿಸಿದೆ.

ಮ್ಯಾಲರ್ಡ್ ಎಲ್ಲರಿಗೂ ಬೇಕಾದ ಹಕ್ಕಿ. ಗಂಡಿಗೆ ಹಸಿರು ತಲೆ, ಕೊರಳಿಗೆ ಬಿಳಿ ಪಟ್ಟಿ, ಬಾಲದ ಮೇಲೆ ಸುರುಳಿ ಗರಿ. ಇವರು "ಗ್ರೀನ್‌ಹೆಡ್" ಅನ್ನುತ್ತಾರೆ. ಬಾತು ಅಂದ ತಕ್ಷಣ ನಮ್ಮ ಕಿವಿಗೆ ಬರುವ ಕ್ವಾಕ್ ಕ್ವಾಕ್ ಇದೆಯಲ್ಲ, ಅದು ಹೆಣ್ಣಿನ ದನಿ. ಗಂಡಿನದು ಗಂಟಲು ಕಟ್ಟಿದಂಥ ಸಣ್ಣ ಸದ್ದು. ಬೇಟೆಯವರು ಊದುವ ಪೀಪಿ ಹೆಣ್ಣಿನ ದನಿಯದೇ. ಅರ್ಕನ್ಸಾದ ಸ್ಟಟ್‌ಗಾರ್ಟ್ ಎಂಬ ಊರಿನಲ್ಲಿ ಇದನ್ನು ಊದುವುದಕ್ಕೇ 1936ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ತಮಾಷೆ ಅಲ್ಲ.

ವುಡ್ ಡಕ್ ನೋಡಿದರೆ ಯಾರೋ ಕೂತು ಬಣ್ಣ ಬಳಿದಿದ್ದಾರೆ ಅನ್ನಿಸುತ್ತದೆ. ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಹುಟ್ಟಿದ ಮರುದಿನವೇ ಐವತ್ತು ಅಡಿ ಮೇಲಿನಿಂದಲೂ ಧುಮುಕುತ್ತವೆ, ಏನೂ ಆಗುವುದಿಲ್ಲ. ಕಾಡು ಕಡಿದು, ಮಿತಿಯಿಲ್ಲದೆ ಹೊಡೆದು ಇದನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. 1918ರಲ್ಲಿ ಬೇಟೆ ನಿಲ್ಲಿಸಿ, 1941ರಲ್ಲಿ ಮತ್ತೆ ಅನುಮತಿ ಕೊಟ್ಟರು. ಈಗ ಹಿತ್ತಿಲ ಕೆರೆಗಳಲ್ಲಿ ಕಂಬಕ್ಕೆ ಮರದ ಪೆಟ್ಟಿಗೆ ಜಡಿದಿರುವುದು ನೋಡಿರುತ್ತೀರಿ. ಅವು ಇದರ ಗೂಡುಗಳು. ಜಡಿದವರಲ್ಲಿ ಬೇಟೆಯವರೇ ಜಾಸ್ತಿ.

ಪಿನ್‌ಟೇಲ್ ನಿಮಗೆ ಗೊತ್ತಿರುವ ಹಕ್ಕಿಯೇ. ಚಳಿಗಾಲದಲ್ಲಿ ಕರ್ನಾಟಕದ ನಮ್ಮ ಕೆರೆಗಳಿಗೆ ಬರುವ ಸೂಜಿಬಾಲದ ಬಾತು ಇದೇ ಜಾತಿ. ಉದ್ದ ಕತ್ತು, ತೆಳು ಮೈ, ಹಾರುವಾಗ ಒಂದು ಗತ್ತು. ಕೂಳೆ ಇರುವ ಗೋಧಿ ಹೊಲದಲ್ಲಿ ಬೇಗ ಗೂಡು ಮಾಡುತ್ತದೆ, ಆಮೇಲೆ ಟ್ರ್ಯಾಕ್ಟರ್ ಬಂದು ಮೊಟ್ಟೆ ಹಾಳಾಗುತ್ತದೆ. ಹಾಗಾಗಿ ಸಂಖ್ಯೆ ಇಳಿದಿದೆ, ಬೆಲೆ ಏರಿದೆ. ಬೆಲೆ ಅಂದರೆ ಮನಸ್ಸಿನಲ್ಲಿ. ಮಾರುವ ಹಾಗಿಲ್ಲ.

ರಾಜ ಅಂದರೆ ಕ್ಯಾನ್ವಸ್‌ಬ್ಯಾಕ್. ಗಂಡಿನ ಬೆನ್ನು ಒಗೆದ ಬಟ್ಟೆಯ ಹಾಗೆ ಬೆಳ್ಳಗೆ, ತಲೆ ಇಟ್ಟಿಗೆ ಕೆಂಪು, ಹಣೆಯಿಂದ ಕೊಕ್ಕಿನ ತುದಿಯವರೆಗೆ ಒಂದೇ ಇಳಿಜಾರು. ನೀರಡಿಯ ವೈಲ್ಡ್ ಸೆಲರಿ ಎಂಬ ಗಿಡದ ಗೆಡ್ಡೆ ಇದಕ್ಕೆ ಪ್ರಾಣ. ವೈಜ್ಞಾನಿಕ ಹೆಸರೂ ಆ ಗಿಡದಿಂದಲೇ ಬಂದಿದೆ. ಅದನ್ನು ತಿಂದ ಮಾಂಸ ರುಚಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ ಫಿರಂಗಿಯಂಥ ಬಂದೂಕಿನಿಂದ ಹಿಂಡುಹಿಂಡಾಗಿ ಹೊಡೆದು ಹೋಟೆಲುಗಳಿಗೆ ಮಾರುತ್ತಿದ್ದರು. 1918ರ ವಲಸೆ ಹಕ್ಕಿ ಕಾಯಿದೆ ಆ ವ್ಯಾಪಾರ ನಿಲ್ಲಿಸಿತು. ನವೆಂಬರ್ ಮೊದಲ ವಾರ ರಜೆ ಸಿಕ್ಕರೆ ಮಿಸಿಸಿಪ್ಪಿ ದಂಡೆಯ ಬ್ರೌನ್ಸ್‌ವಿಲ್‌ಗೆ ಹೋಗಿ. ಇಲ್ಲಿಂದ ಐದಾರು ಗಂಟೆಯ ದಾರಿ. ಹೊಳೆಯ ತುಂಬ ಸಾವಿರಾರು ಕ್ಯಾನ್ವಸ್‌ಬ್ಯಾಕ್, ನಡುನಡುವೆ ಹಂಸಗಳು. ಬಂದೂಕಿನವರೂ ಅಲ್ಲಿ ದುರ್ಬೀನು ಹಿಡಿದು ಸುಮ್ಮನೆ ನಿಂತಿರುತ್ತಾರೆ.

ಗುರುತಿಸುವುದು ಇವರಿಗೆ ಬರೀ ಹವ್ಯಾಸವಲ್ಲ, ಕಾನೂನು. ದಿನಕ್ಕೆ ಒಟ್ಟು 6 ಬಾತು. ಅದರಲ್ಲಿ ಮ್ಯಾಲರ್ಡ್ 4, ಆ ನಾಲ್ಕರಲ್ಲಿ ಹೆಣ್ಣು 2 ಮೀರಬಾರದು. ವುಡ್ ಡಕ್ 3. ಕ್ಯಾನ್ವಸ್‌ಬ್ಯಾಕ್‌ದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೀಸನ್ ಶುರುವಿನಲ್ಲಿ ಗಂಡುಗಳೂ ಗರಿ ಉದುರಿಸಿಕೊಂಡು ಹೆಣ್ಣಿನ ಹಾಗೆ ಮಂಕಾಗಿರುತ್ತವೆ. ಅರೆಬೆಳಕು, ಗಂಟೆಗೆ ನಲವತ್ತು ಐವತ್ತು ಮೈಲಿ ವೇಗ, ಎರಡು ಸೆಕೆಂಡಿನ ತೀರ್ಮಾನ. ತಿಳಿಯದೇ ಇದ್ದರೆ ಹೊಡೆಯಬಾರದು. ಅಜ್ಜ ಎಷ್ಟೋ ಸಲ ಬಂದೂಕು ಎತ್ತಿ ಹಾಗೇ ಇಳಿಸಿದ್ದನ್ನು ನೋಡಿದ್ದೇನೆ. ಸೀಸದ ಗುಂಡನ್ನೂ 1991ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ಕೆಸರಿಗೆ ಬಿದ್ದ ಸೀಸವನ್ನು ಕಾಳು ಅಂತ ನುಂಗಿ ಬಾತುಗಳು ಸಾಯುತ್ತಿದ್ದವು, ಅವನ್ನು ತಿಂದ ಹದ್ದುಗಳೂ ಸಾಯುತ್ತಿದ್ದವು.

ಬಂದೂಕು ಹಿಡಿಯದೆಯೂ ಇದರಲ್ಲಿ ಸೇರಿಕೊಳ್ಳುವ ದಾರಿ ಒಂದಿದೆ: ಡಕ್ ಸ್ಟ್ಯಾಂಪ್, ಅಂದರೆ ಬಾತಿನಂಥ ಹಕ್ಕಿಯ ಚಿತ್ರವಿರುವ ಸರ್ಕಾರಿ ಸ್ಟ್ಯಾಂಪ್. 25 ಡಾಲರ್, ಪೋಸ್ಟ್ ಆಫೀಸಿನಲ್ಲಿ ಕೇಳಿ. 16 ವರ್ಷ ತುಂಬಿದ ಬಾತು ಬೇಟೆಗಾರರೆಲ್ಲ ಕೊಳ್ಳಲೇಬೇಕು. 1934ರಲ್ಲಿ ಶುರುವಾದಾಗ ಒಂದು ಡಾಲರ್ ಇತ್ತು. ಡಾಲರಿಗೆ 98 ಸೆಂಟ್ ಜೌಗು ನೆಲ ಕೊಂಡು ಕಾಪಾಡಲು ಹೋಗುತ್ತದೆ. ಪ್ರವೇಶ ಶುಲ್ಕ ಇರುವ ರಾಷ್ಟ್ರೀಯ ವನ್ಯಧಾಮಗಳಿಗೆ ಇದನ್ನು ತೋರಿಸಿದರೆ ಬಿಟ್ಟಿ ಪ್ರವೇಶ. ಚಿತ್ರಕ್ಕೆ ಪ್ರತಿ ವರ್ಷ ಸ್ಪರ್ಧೆ. ಮಿನೆಸೋಟಾದ ಹಾಟ್‌ಮನ್ ಅಣ್ಣತಮ್ಮಂದಿರು ಮೂವರೂ ಸೇರಿ ಹತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ನಾನು ಪ್ರತಿ ವರ್ಷ ಎರಡು ಕೊಳ್ಳುತ್ತೇನೆ, ಒಂದು ಆಲ್ಬಮ್ಮಿಗೆ.

ನಾನೂ ಹೊಡೆದಿದ್ದೇನಾ ಅಂತ ಕೇಳುತ್ತೀರಿ. ಗ್ರೀನ್ ಕಾರ್ಡ್ ಬಂದ ವರ್ಷ ಸುರಕ್ಷತಾ ತರಬೇತಿ ಮುಗಿಸಿ, ಬಂದೂಕು ಕೊಂಡು, ಒಂದು ಟೀಲ್ ಹೊಡೆದೆ. ಕೈಯಲ್ಲಿ ಹಿಡಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಇನ್ನೂ ಬೆಚ್ಚಗಿತ್ತು. ಆ ಚಳಿಗಾಲದಲ್ಲೇ ಬಂದೂಕು ಮಾರಿದೆ. ಆದರೆ ಜೊಂಡಿನಲ್ಲಿ ಹೋಗಿ ಕೂರುವುದು ಬಿಡಲಿಲ್ಲ. ಇದು ಸರಿಯಾ ತಪ್ಪಾ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ನಾನು ಮಾತು ಬದಲಿಸುತ್ತೇನೆ.

ಬಾತು ಕೊಡುತ್ತೇವೆ ಅಂತ ಅವರು ಖಂಡಿತ ಹೇಳುತ್ತಾರೆ. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಅಂದರೆ ಸಾಕು, ಯಾರೂ ನೊಂದುಕೊಳ್ಳುವುದಿಲ್ಲ. ತಗೊಳ್ಳುವುದಾದರೆ ಮನೆಗೇ ತಂದುಕೊಡಲು ಹೇಳಿ. ದಾರಿಯಲ್ಲೋ ಪಾರ್ಕಿಂಗ್‌ನಲ್ಲೋ ಕೊಟ್ಟರೆ ಜೊತೆಗೆ ಚೀಟಿ ಇರಲೇಬೇಕು: ಹೊಡೆದವನ ಸಹಿ, ವಿಳಾಸ, ಎಷ್ಟು ಹಕ್ಕಿ, ಯಾವ ಜಾತಿ, ಯಾವ ದಿನ. ಇಲ್ಲದಿದ್ದರೆ ಸಿಕ್ಕಿಬೀಳುವವರಲ್ಲಿ ನೀವೂ ಒಬ್ಬರು.

ಇನ್ನೊಂದು. ಹೊಡೆದ ಬಾತಿನ ಕಾಲಿನಲ್ಲಿ, ಹಕ್ಕಿಗಳ ಓಡಾಟ ತಿಳಿಯಲು ತೊಡಿಸಿದ ಅಲ್ಯುಮಿನಿಯಂ ಬಳೆ ಕಂಡರೆ ಅವತ್ತು ಹಬ್ಬ. ಇವರು ಅದನ್ನು "ಜ್ಯುವೆಲರಿ" ಅನ್ನುತ್ತಾರೆ, ಪೀಪಿಯ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಅದರ ಮೇಲಿನ ನಂಬರನ್ನು ಸರ್ಕಾರದ ವೆಬ್‌ಸೈಟಿಗೆ ತಿಳಿಸಿದರೆ ಆ ಹಕ್ಕಿಗೆ ಎಲ್ಲಿ, ಯಾವಾಗ ಬಳೆ ತೊಡಿಸಿದರು ಅಂತ ಪ್ರಮಾಣಪತ್ರ ಕಳಿಸುತ್ತಾರೆ. ನಮ್ಮ ಅಜ್ಜನಿಗೆ ಕಂಪ್ಯೂಟರ್ ಆಗಿಬರುವುದಿಲ್ಲ, ಅದು ನನ್ನ ಕೆಲಸ. ಒಂದು ವರ್ಷ ಹೆಣ್ಣು ಮ್ಯಾಲರ್ಡ್‌ನ ನಂಬರು ಹಾಕಿದೆ. ಕೆನಡಾದ ಸಸ್ಕ್ಯಾಚವಾನ್‌ನಲ್ಲಿ ಮರಿಯಾಗಿದ್ದಾಗ ತೊಡಿಸಿದ ಬಳೆ. ನಾನು ಈ ಊರಿಗೆ ಬಂದಿಳಿದ ವರ್ಷ, ಅದೇ ಆಗಸ್ಟ್ ತಿಂಗಳು. ಅಜ್ಜ ಕಾಗದ ಓದಿ, ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕಾರಿನ ಕೀ ಗೊಂಚಲಿನಲ್ಲಿದೆ, ಸಿಕ್ಕಾಗ ತೋರಿಸುತ್ತೇನೆ.

ಶನಿವಾರಕ್ಕೆ ಉಣ್ಣೆಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಒಂದು ಜೊತೆ ಒದ್ದೆಯಾಗುತ್ತದೆ.