ಕೂಲಿ ಕಾರ್ಮಿಕರು ದುಡಿದ ದುಡ್ಡನ್ನೆಲ್ಲ ಕುಡಿತಕ್ಕೆ ಯಾಕೆ ಸುರಿಯುತ್ತಾರೆ?

ಮನೆ ಕಟ್ಟಿಸುತ್ತಿದ್ದೀರಿ. ಶನಿವಾರ ಕೂಲಿ ತೆಗೆದುಕೊಂಡು ಹೋದ ಗಾರೆಯವರು ಸೋಮವಾರ ಕೆಲಸಕ್ಕೆ ಬರುವುದಿಲ್ಲ, ವಾರದ ದುಡಿಮೆ ಎರಡೇ ದಿನದಲ್ಲಿ ಎಣ್ಣೆಗೆ ಹೋಗುತ್ತದೆ, ಬಡತನದಿಂದ ಕುಡಿತವೋ ಕುಡಿತದಿಂದ ಬಡತನವೋ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಕಟ್ಟಡ ಗುತ್ತಿಗೆದಾರರೊಬ್ಬರ ಬಳಿ ಲೆಕ್ಕ ಬರೆಯುವವನು. ಹಾಜರಿ ಹಾಕುವುದೂ ನಾನೇ, ಬಟವಾಡೆ ಮಾಡುವುದೂ ನಾನೇ. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಮೊದಲಿಗೆ, ಕೂಲಿಯವರೆಲ್ಲ ಕುಡಿಯುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಗಂಡಸರಲ್ಲಿ ಕುಡಿಯುವವರು ಶೇ 27.3. ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಮುಟ್ಟುವುದೇ ಇಲ್ಲ. ನಮ್ಮ ಸೈಟಿನಲ್ಲೂ ಮಗಳ ಮದುವೆಗೆ, ಊರಿನ ಮನೆಗೆ ಅಂತ ಒಂದೊಂದು ರೂಪಾಯಿ ಕೂಡಿಡುವ ಗಂಡಸರಿದ್ದಾರೆ. ಕುಡಿದು ತೂರಾಡುವವನು ಎಲ್ಲರ ಕಣ್ಣಿಗೆ ಬೀಳುತ್ತಾನೆ, ಇವರು ಬೀಳುವುದಿಲ್ಲ ಅಷ್ಟೆ. ಅಪಾರ್ಟ್‌ಮೆಂಟಿನಲ್ಲಿ ಕುಡಿಯುವವರೂ ಕಡಿಮೆಯಿಲ್ಲ. ಅವರಿಗೆ ಮರುದಿನ ರಜೆ ಸಿಗುತ್ತದೆ, ವಿಮೆ ಇರುತ್ತದೆ, ಬಾಗಿಲು ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಬಟವಾಡೆಯ ವಿಷಯ. ನಿಮ್ಮ ಮೇಸ್ತ್ರಿಯನ್ನು ಒಮ್ಮೆ ಕೇಳಿ ನೋಡಿ, ಬಹುಶಃ ಅವರು ಪೂರ್ತಿ ಕೂಲಿಯನ್ನು ವಾರ ವಾರ ಕೊಡುತ್ತಿರುವುದಿಲ್ಲ. ಗುಳೆ ಬಂದ ಗ್ಯಾಂಗುಗಳಲ್ಲಿ ನಡೆಯುವುದು ಹೀಗೆ: ಊರು ಬಿಡುವಾಗಲೇ ಮುಂಗಡ ಕೊಟ್ಟಿರುತ್ತಾರೆ. ಶನಿವಾರ ಕೈಗೆ ಸಿಗುವುದು ‘ಖರ್ಚಿಗೆ’ ಎಂದು ಕೊಡುವ ಒಂದಿಷ್ಟು. ಉಳಿದದ್ದು ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ. ಮುಂಗಡ ಕಳೆದು, ಅಕ್ಕಿ ಬೇಳೆ ಕಳೆದು, ಲೆಕ್ಕ ಚುಕ್ತಾ ಆಗುವುದು ಯುಗಾದಿಗೋ ಊರಿನ ಜಾತ್ರೆಗೋ. ತನ್ನದೇ ದುಡ್ಡು ಎಷ್ಟು ಉಳಿದಿದೆ ಎಂದು ದುಡಿದವನಿಗೇ ಸರಿಯಾಗಿ ತಿಳಿದಿರುವುದಿಲ್ಲ. ಖರ್ಚಿಗೆ ಸಿಕ್ಕ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಲಾಗುವುದಿಲ್ಲ, ಸಾಲ ತೀರಿಸಲಾಗುವುದಿಲ್ಲ, ಒಂದು ಗ್ಯಾಸ್ ಒಲೆ ತರಲೂ ಆಗುವುದಿಲ್ಲ. ಒಂದು ಕ್ವಾರ್ಟರ್ ಮಾತ್ರ ಆರಾಮವಾಗಿ ಬರುತ್ತದೆ.

ಅದರ ಮೇಲೆ ನಾಲ್ಕು ಜನರಿಗೆ ಸೇರಿಸಿ ಐನೂರರ ನೋಟುಗಳನ್ನು ಒಬ್ಬನ ಕೈಗೆ ಕೊಟ್ಟು ಹಂಚಿಕೊಳ್ಳಿ ಎನ್ನುತ್ತಾರೆ. ಶನಿವಾರ ಸಂಜೆ ಏಳಕ್ಕೆ ಯಾವ ಅಂಗಡಿಯವನು ಸುಮ್ಮನೆ ಚಿಲ್ಲರೆ ಕೊಡುತ್ತಾನೆ? ವೈನ್ಸ್ ಅಂಗಡಿಯವನು ಕೊಡುತ್ತಾನೆ. ಅಲ್ಲಿಗೆ ಹೋದ ಮೇಲೆ ನಾಲ್ವರಲ್ಲಿ ಕುಡಿಯದವನೊಬ್ಬ ಇದ್ದರೂ ಅವನ ಪಾಲು ಅಲ್ಲೇ ಕರಗಲು ಶುರುವಾಗುತ್ತದೆ. ಈಗ ಫೋನ್‌ಪೇ ಬಂದಿದೆ, ಆದರೆ ಹಣ ಬರುವುದು ಗ್ಯಾಂಗಿನಲ್ಲಿ ಸ್ಮಾರ್ಟ್‌ಫೋನ್ ಇರುವ ಒಬ್ಬನ ಖಾತೆಗೆ, ಸ್ಕ್ಯಾನರ್ ಅಂತೂ ಅಂಗಡಿಯ ಕೌಂಟರಿನ ಮೇಲೇ ಇದೆ.

ನಮ್ಮಲ್ಲಿ ರಾಯಚೂರು ಕಡೆಯ ಗಾರೆಯವರೊಬ್ಬರಿದ್ದರು. ಪ್ಲಾಸ್ಟರಿಂಗ್‌ನಲ್ಲಿ ಅವರ ಕೈಗೆ ಸಮನಾದವರನ್ನು ನಾನು ಕಂಡಿಲ್ಲ. ‘ಯಾಕಣ್ಣ ಇಷ್ಟು ಕುಡೀತೀರಿ’ ಅಂದರೆ, ‘ಕುಡೀಲಿಲ್ಲಂದ್ರ ಮೈ ಕೇಳಂಗಿಲ್ರೀ ಸರ, ರಾತ್ರಿ ನಿದ್ದಿ ಹತ್ತಂಗಿಲ್ಲ’ ಅನ್ನೋರು. ಅದು ನೆಪ ಎಂದು ನಿಮಗೆ ಅನ್ನಿಸಬಹುದು. ಅವರಿದ್ದ ಶೆಡ್ಡನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ನಾಲ್ಕು ಕಡೆ ತಗಡು, ಮೇಲೂ ತಗಡು, ನೆಲಕ್ಕೆ ಸಿಮೆಂಟ್ ಚೀಲ ಹಾಸಿ ಅದರ ಮೇಲೆ ಚಾಪೆ. ಮಗ್ಗುಲಲ್ಲೇ ಇನ್ನೊಂದು ಸಂಸಾರ. ಬೇಸಿಗೆಯಲ್ಲಿ ನಡುರಾತ್ರಿಯವರೆಗೂ ಕಾವು ಇಳಿಯುವುದಿಲ್ಲ. ದಿನವಿಡೀ ತಲೆ ಮೇಲಕ್ಕೆತ್ತಿ ಸೀಲಿಂಗಿಗೆ ಗಾರೆ ಎಸೆದ ತೋಳು, ಕತ್ತು ರಾತ್ರಿ ಸುಮ್ಮನಿರುವುದಿಲ್ಲ. ರಜೆ ಹಾಕಿದರೆ ಕೂಲಿಯಿಲ್ಲ, ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅವರಿಗೆ ಸಿಗುತ್ತಿದ್ದ ನೋವಿನ ಔಷಧಿ ಅದೊಂದೇ. ಒಳಚರಂಡಿಗೆ ಇಳಿಯುವವರ ಪಾಡು ಇದಕ್ಕಿಂತ ಕಡೆ. ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಆದರೂ ಇಳಿಸುತ್ತಾರೆ. ಕುಡಿಯದೆ ಆ ವಾಸನೆಗೆ ಇಳಿಯಲು ಆಗುವುದಿಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳುತ್ತಾರೆ. ತಲೆಮಾರುಗಳಿಂದ ಕೆಲವೇ ಜಾತಿಗಳವರ ಹೆಗಲಿಗೆ ಆ ಕೆಲಸ ಹೊರಿಸಿ, ಆಮೇಲೆ ಅವರ ಕುಡಿತವನ್ನು ಆಡಿಕೊಳ್ಳುವುದು ನನಗೆ ಸಂಕಟವಾಗುತ್ತದೆ.

ಹೀಗೆ ನೋವಿಗೆಂದು ಶುರುವಾದದ್ದು ಕೆಲವು ವರ್ಷಗಳಲ್ಲಿ ಬೇರೆಯೇ ಆಗುತ್ತದೆ. ಮೊದಲು ತೊಂಬತ್ತು ಎಂಎಲ್‌ಗೆ ಬರುತ್ತಿದ್ದ ನಿದ್ದೆ ನೂರೆಂಬತ್ತು ಹಾಕಿದರೂ ಬರುವುದಿಲ್ಲ. ಬೆಳಗ್ಗೆ ಎದ್ದರೆ ಕೈ ನಡುಗುತ್ತದೆ, ಕರಣೆ ಹಿಡಿಯಲು ಆಗುವುದಿಲ್ಲ. ನಡುಕ ನಿಲ್ಲಿಸಲು ಬೆಳಗ್ಗೆಯೇ ಅಗ್ಗದ ಮದ್ಯದ ಒಂದು ಟೆಟ್ರಾ ಪ್ಯಾಕ್ ಬೇಕು. ವೈನ್ಸ್ ಇನ್ನೂ ತೆರೆದಿರುವುದಿಲ್ಲ, ಗೂಡಂಗಡಿಯಲ್ಲಿ ಕದ್ದು ಮಾರುತ್ತಾರೆ, ಎಂಆರ್‌ಪಿಗಿಂತ ಜಾಸ್ತಿಗೆ. ದುಡ್ಡಿಲ್ಲದಿದ್ದರೆ ಉದ್ದರಿ ಬರೆದುಕೊಳ್ಳುತ್ತಾರೆ. ಆ ಉದ್ದರಿ ತೀರುವುದು ಮತ್ತೆ ಶನಿವಾರದ ಖರ್ಚಿಯಿಂದಲೇ. ಅಷ್ಟರಲ್ಲಿ ಹೆಂಡತಿ ಸಂಘದಲ್ಲೋ ಮೈಕ್ರೋ ಫೈನಾನ್ಸಿನಲ್ಲೋ ಸಾಲ ತೆಗೆದಿರುತ್ತಾಳೆ, ಅದರ ವಾರದ ಕಂತಿನವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಗಾರೆಯವರ ಹೆಂಡತಿ ನಮ್ಮಲ್ಲೇ ಚಿತ್ತಾಳು (ಗಾರೆಯವರ ಕೈಕೆಳಗಿನ ಸಹಾಯಕಿ) ಕೆಲಸ ಮಾಡುತ್ತಿದ್ದಳು. ಪ್ರತಿ ಶನಿವಾರ ನನ್ನ ಮೇಜಿನ ಹತ್ತಿರ ಬಂದು, ‘ರೊಕ್ಕ ನನ್ ಕೈಯಾಗ ಕೊಡ್ರೀ ಅಣ್ಣಾರ, ಅವ್ರ ಕೈಯಾಗ ಬ್ಯಾಡ್ರೀ’ ಎಂದು ಮೆಲ್ಲಗೆ ಹೇಳುತ್ತಿದ್ದಳು. ಗಂಡನ ಕೂಲಿ ಹೆಂಡತಿಗೆ ಕೊಟ್ಟರೆ ಮೇಸ್ತ್ರಿಗೆ ಅವಮಾನ, ಗಂಡನಿಗೂ ಅವಮಾನ. ಅವಳ ಸ್ವಂತ ಕೂಲಿಯೂ ಗಂಡನ ಹೆಸರಿನಲ್ಲೇ ಬರೆಯುವ ಗ್ಯಾಂಗುಗಳಿವೆ.

ಕುಡಿಸುವುದರಲ್ಲಿ ನಮ್ಮಂಥವರ ಪಾಲೂ ಇದೆ. ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕಿದ ದಿನ ಮನೆ ಮಾಲೀಕರು ಖುಷಿಯಿಂದ ಎಣ್ಣೆಗೆ, ಬಾಡೂಟಕ್ಕೆ ದುಡ್ಡು ಕೊಡುವುದು ವಾಡಿಕೆಯೇ ಆಗಿಬಿಟ್ಟಿದೆ. ಹದಿನೆಂಟು ತುಂಬದ ಹುಡುಗರು ಗಂಡಸರ ಸಾಲಿಗೆ ಸೇರುವುದು ಆ ಸಂಜೆಯೇ. ಚುನಾವಣೆ ಬಂದರಂತೂ ಹೇಳುವುದೇ ಬೇಡ.

ಇನ್ನು ಸರ್ಕಾರ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ನಿಲ್ಲಿಸಿದ್ದು ಒಳ್ಳೆಯದೇ, ಹೆಂಗಸರು ಎಷ್ಟೋ ವರ್ಷಗಳಿಂದ ಕೇಳಿಕೊಂಡು ಬಂದಿದ್ದರು. ಆದರೆ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ರಮ್ಮಿಗೆ ಹೋದರು. ಅದು ಸಾರಾಯಿಗಿಂತ ದುಬಾರಿ, ಕೂಲಿಯ ಇನ್ನೂ ದೊಡ್ಡ ಪಾಲು ಅದಕ್ಕೆ ಹೋಗತೊಡಗಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. 2023ರ ಬಜೆಟ್ಟಿನಲ್ಲಿ ಮದ್ಯದ ಎಲ್ಲ 18 ಸ್ಲ್ಯಾಬುಗಳ (ಬೆಲೆಗೆ ತಕ್ಕ ತೆರಿಗೆ ಹಂತಗಳ) ಮೇಲೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿದರು. ಮರುವರ್ಷ ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿದಾಗ ದುಬಾರಿ ಬ್ರ್ಯಾಂಡುಗಳ ಬೆಲೆ ತಗ್ಗಿತು, ಪಕ್ಕದ ರಾಜ್ಯಗಳಿಗಿಂತ ಇಲ್ಲಿ ಜಾಸ್ತಿಯಾಗಬಾರದೆಂದು. ಟೆಟ್ರಾ ಪ್ಯಾಕಿನವನಿಗೆ ಅಂಥ ಕಾಳಜಿ ಸಿಗಲಿಲ್ಲ. ಚಟಕ್ಕೆ ಬಿದ್ದವನು ಬೆಲೆ ಏರಿದರೆ ಮೊದಲು ಕಡಿಮೆ ಮಾಡುವುದು ಮನೆಯ ಖರ್ಚನ್ನು.

ಹಾಗಾದರೆ ಪೂರ್ತಿ ನಿಷೇಧ ಮಾಡಿಬಿಡಲಿ ಎನ್ನುತ್ತೀರಾ? 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಅದನ್ನೇ ಕೇಳುತ್ತಾ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಅವರ ನೋವಿನ ಮುಂದೆ ನಾನು ವಾದ ಮಾಡಲಾರೆ. ಆದರೆ ಬಿಹಾರದಲ್ಲಿ 2016ರಿಂದ ನಿಷೇಧವಿದ್ದೂ 2022ರ ಡಿಸೆಂಬರಿನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ಹಲವು ಡಜನ್ ಜನ ಸತ್ತರು, ಸತ್ತವರು ಬಡವರೇ. ನನಗೆ ಹಿಡಿಸುವುದು ಮಹಾರಾಷ್ಟ್ರದ ದಾರಿ. ಅಲ್ಲಿ ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ಅಡ್ಡ ಬಾಟಲಿ’ಗೆ, ಅಂದರೆ ಅಂಗಡಿ ಬೇಡ ಎನ್ನುವ ಮಲಗಿದ ಬಾಟಲಿಯ ಗುರುತಿಗೆ, ಮತ ಹಾಕಿದರೆ ಅಂಗಡಿ ಮುಚ್ಚಬೇಕು. ಅಂಗಡಿ ಎಲ್ಲಿರಬೇಕು, ಇರಬೇಕೋ ಬೇಡವೋ ಎಂದು ಹೇಳುವ ಹಕ್ಕು ಅದರ ಪೆಟ್ಟು ತಿನ್ನುವವರ ಕೈಗೆ ಬರುತ್ತದೆ.

ಗಾಂಜಾ, ಮಾತ್ರೆಗಳ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ನನಗೆ ಅದರ ಅನುಭವ ಕಡಿಮೆ. ನಗರದಲ್ಲಿ ಚಿಂದಿ ಆಯುವ ಮಕ್ಕಳು ಬಟ್ಟೆಯಲ್ಲಿ ಸಲ್ಯೂಷನ್ (ಪಂಕ್ಚರ್ ಹಾಕುವ ಅಂಟು) ಹಾಕಿಕೊಂಡು ಮೂಸುವುದನ್ನು ನೀವೂ ನೋಡಿರುತ್ತೀರಿ. ಅದೇ ಏಮ್ಸ್ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡುಬಂದ ಏಕೈಕ ನಶೆ ಈ ಮೂಸುವ ಪದಾರ್ಥಗಳದ್ದು: ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಪಂಕ್ಚರ್ ಅಂಗಡಿಯಲ್ಲಿ, ಸ್ಟೇಷನರಿ ಅಂಗಡಿಯಲ್ಲಿ ಕೆಲವು ರೂಪಾಯಿಗೆ ಸಿಗುತ್ತದೆ, ಹಸಿವು ಮರೆಯುತ್ತದೆ.

ಬಡತನದಿಂದ ಕುಡಿತವೋ, ಕುಡಿತದಿಂದ ಬಡತನವೋ ಎಂದಿರಲ್ಲ, ನಾನು ಕಂಡಂತೆ ಶುರು ಎಲ್ಲಿಂದಲಾದರೂ ಆಗಬಹುದು, ಹೊರಬರುವ ದಾರಿಗೆ ಮಾತ್ರ ದುಡ್ಡು ಬೇಕು. ಮದ್ಯದ ಅವಲಂಬನೆಗೆ ಬಿದ್ದ 38 ಜನರಲ್ಲಿ ಯಾವುದೋ ಒಂದು ಚಿಕಿತ್ಸೆ ಸಿಗುವುದು ಒಬ್ಬರಿಗೆ ಎನ್ನುತ್ತದೆ ಆ ಸಮೀಕ್ಷೆ. ವಾರಗಟ್ಟಲೆ ದಾಖಲಾಗಬೇಕು ಎಂದರೆ ಅಷ್ಟೂ ದಿನ ಕೂಲಿಯಿಲ್ಲ, ಜೊತೆಗೆ ನಿಲ್ಲುವವರ ಕೂಲಿಯೂ ಇಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ. ಒಂದು ಎಚ್ಚರಿಕೆ: ದಿನಾ ಬೆಳಗ್ಗೆಯಿಂದಲೇ ಕುಡಿಯುವವರಿಗೆ ‘ಇವತ್ತಿಂದ ಬಿಟ್ಟುಬಿಡು’ ಎಂದು ಆಣೆ ಹಾಕಿಸಬೇಡಿ. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆ ಆಗಬಹುದು, ಜೀವಕ್ಕೇ ಅಪಾಯ. ವೈದ್ಯರ ಕಣ್ಣೆದುರೇ ಬಿಡಿಸಬೇಕು.

ನಿಮ್ಮ ಕೈಲಿ ಆಗುವುದನ್ನು ಹೇಳುತ್ತೇನೆ. ಬಟವಾಡೆಯನ್ನು ಶನಿವಾರ ಸಂಜೆಯಿಂದ ತೆಗೆದು ವಾರದ ನಡುವಿನ ಒಂದು ಮಧ್ಯಾಹ್ನಕ್ಕೆ ಹಾಕಲು ಮೇಸ್ತ್ರಿಯ ಜೊತೆ ಮಾತಾಡಿ. ನಮ್ಮಲ್ಲಿ ಒಂದು ಗ್ಯಾಂಗಿಗೆ ಹೀಗೆ ಮಾಡಿದ ಮೇಲೆ ಸೋಮವಾರದ ಹಾಜರಿ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಎಲ್ಲರೂ ಕುಡಿತ ಬಿಟ್ಟರು ಅಂತಲ್ಲ, ಮರುದಿನ ಕೆಲಸ ಇದೆ ಎನ್ನುವುದೇ ಒಂದು ಕಡಿವಾಣ. ಒಬ್ಬೊಬ್ಬರ ಕೂಲಿಯನ್ನು ಅವರವರಿಗೇ ಬಿಡಿಸಿ ಕೊಡಿಸಿ, ಹೆಂಗಸರ ಕೂಲಿ ಅವರ ಖಾತೆಗೇ ಹೋಗಲಿ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆಂದು ತೆರೆದ ಖಾತೆ ಎಷ್ಟೋ ಜನರಿಗೆ ಈಗಾಗಲೇ ಇದೆ. ಮೋಲ್ಡ್ ದಿನ ಊಟ ಹಾಕಿಸಿ, ಬಾಟಲಿಗೆ ದುಡ್ಡು ಕೊಡಬೇಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿದರೆ ಆಸ್ಪತ್ರೆ ಖರ್ಚಿಗೆ, ಮಕ್ಕಳ ಓದಿಗೆ ನೆರವು ಸಿಗುತ್ತದೆ. ಅದಕ್ಕೆ 90 ದಿನ ಕೆಲಸ ಮಾಡಿದ್ದಾರೆಂಬ ದೃಢೀಕರಣ ಬೇಕು. ನಿಮ್ಮಲ್ಲಿ ಅಷ್ಟು ದಿನ ದುಡಿದವರಿಗೆ ಅದನ್ನು ಬರೆದು ಸಹಿ ಹಾಕಿಕೊಡಿ, ಮನೆ ಮುಗಿದು ಅವರು ಮುಂದಿನ ಸೈಟಿಗೆ ಹೋಗುವ ಮೊದಲೇ ಕೊಡಿ. ಆಮೇಲೆ ಅವರಿಗೆ ನೀವು ಸಿಗುವುದಿಲ್ಲ, ನಿಮಗೆ ಅವರು ಸಿಗುವುದಿಲ್ಲ.